ಹವೀಜದ ಚೀಲದೊಳಗಿನ ಕೈಗಳು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು ಎಂದು ಮೊದಲೇ ಹೇಳಿಬಿಡುತ್ತೇನೆ. ಚೀಲ ಗೋಣಿಯದಾಗಿತ್ತೋ ಪ್ಲಾಸ್ಟಿಕ್ಕಿನದಾಗಿತ್ತೋ ನನಗೆ ಖಚಿತವಿಲ್ಲ. ದಲಾಲನ ಹೆಗಲ ಮೇಲಿನ ರುಮಾಲು ಕೆಂಪಗಿತ್ತು ಎಂದು ಬರೆಯಲು ಹೊರಟವಳು, ಅದು ಕೆಂಪಗೇ ಯಾಕಿರಬೇಕು, ಚೆನ್ನಾಗಿ ಕಾಣಲಿ ಎಂದು ನಾನೇ ಬಣ್ಣ ಹಚ್ಚಿದೆನೇ ಎಂಬ ಅನುಮಾನ ಬಂದು ಪೆನ್ನು ಕೆಳಗಿಟ್ಟೆ. ಸ್ವಲ್ಪ ಹೊತ್ತಿನ ಮೇಲೆ, ಇರಲಿ, ಕೆಂಪಗೇ ಇರಲಿ ಎಂದುಕೊಂಡೆ. ನನ್ನ ಜೊತೆ ಬರುವುದಾದರೆ ಇಂಥ ಅನುಮಾನಗಳನ್ನು ನೀವು ದಾರಿಯುದ್ದಕ್ಕೂ ಸಹಿಸಿಕೊಳ್ಳಬೇಕಾಗುತ್ತದೆ.

ಇದೆಲ್ಲ ಶುರುವಾದದ್ದು ಹೋದ ತಿಂಗಳು, ಕಲಬುರಗಿಯ ನಮ್ಮ ಓಣಿಯ ಕಿರಾಣಿ ಅಂಗಡಿಯಲ್ಲಿ. ಅಂಗಡಿಯವನು ಫೋನಿನಲ್ಲಿ ಯಾರೊಂದಿಗೋ ಜಗಳದಲ್ಲಿದ್ದ. ನನ್ನ ಪಕ್ಕದಲ್ಲಿ ಕೊತ್ತಂಬರಿ ಕಾಳಿನ ಚೀಲವೊಂದು ಬಾಯಿ ಮಡಚಿಕೊಂಡು ನಿಂತಿತ್ತು. ಕೊತ್ತಂಬರಿ ಕಾಳು ಎನ್ನುವುದು ನಾನು ಕಾಲೇಜು ಮೆಟ್ಟಿಲು ಹತ್ತಿದ ಮೇಲೆ ಕಲಿತ ಮಾತು. ನಮ್ಮ ಕಡೆ ಅದು ಹವೀಜ. ಕಾಯುತ್ತ ನಿಂತ ನನ್ನ ಕೈ ತಾನಾಗಿಯೇ ಆ ಹವೀಜದೊಳಗೆ ಇಳಿಯಿತು. ಮೊದಲು ಬೆರಳು, ಆಮೇಲೆ ಮಣಿಕಟ್ಟು, ನೋಡುನೋಡುತ್ತಿದ್ದಂತೆ ಮೊಣಕೈವರೆಗೆ. ಹೊರಗೆ ಮಾರ್ಚಿನ ಬಿಸಿಲು. ಒಳಗೆ ಮಾತ್ರ ತಂಪು, ಹಳೆಯ ಮನೆಯ ಕತ್ತಲೆ ಕೋಣೆಯಲ್ಲಿರುವಂಥ ತಂಪು.

"ಮೇಡಂ, ಕೈ ತೆಗೀರಿ, ಕೈ ತೆಗೀರಿ! ಅದೇನ್ ಹಳ್ಳ ಅಂತ ತಿಳ್ಕೊಂಡೀರೇನು, ಈಸಾಕ?" ಅಂಗಡಿಯವನು ಫೋನು ಕೆಳಗಿಳಿಸಿ ಕೂಗಿದ.

ನಾಚಿಕೆಯಾಗಿ, ಬೇಕಾಗಿದ್ದಕ್ಕಿಂತ ಹೆಚ್ಚು ಹವೀಜ ಕೊಂಡು ಮನೆಗೆ ಬಂದೆ. ಅವತ್ತು ಇಡೀ ದಿನ ನನ್ನ ಬಲಗೈ ಘಮಘಮ ಎನ್ನುತ್ತಿತ್ತು. ಒಣಗಿದ ಹವೀಜಕ್ಕೆ ಕಿತ್ತಳೆ ಸಿಪ್ಪೆಯ ವಾಸನೆಯ ಒಂದು ಎಳೆ ಇರುತ್ತದೆ, ಗಮನಿಸಿದ್ದೀರಾ? ಕಾಲೇಜಿನಲ್ಲಿ ಪಾಠ ಮಾಡುತ್ತ ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದಾಗಲೆಲ್ಲ ಆ ಎಳೆ ಮೂಗಿಗೆ ತಾಗಿ, ನಾನು ಕಿಣ್ಣಿ ಸುಲ್ತಾನದ ಜಗದೇವಿ ಅತ್ತೆಯ ಅಂಗಳದಲ್ಲಿ ನಿಂತಿರುತ್ತಿದ್ದೆ.

ಜಗದೇವಿ ಅತ್ತೆ ನನ್ನ ಅಪ್ಪನ ತಂಗಿ. ನಾವಿದ್ದದ್ದು ಅಫಜಲಪುರದಲ್ಲಿ, ಅಪ್ಪ ಅಲ್ಲಿ ಸಾಲಿ ಮಾಸ್ತರರು. ಅತ್ತೆಯನ್ನು ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನಕ್ಕೆ ಕೊಟ್ಟಿತ್ತು. ರಜೆ ಬಂದರೆ ನಾನು ಅಲ್ಲಿಗೆ ಓಡುತ್ತಿದ್ದೆ. ಡಿಗ್ರಿ ಓದುವಾಗಲೂ ಆ ಚಟ ಬಿಡಲಿಲ್ಲ. ಪರೀಕ್ಷೆಗೆ ಓದಲು ಹಳ್ಳಿಯಲ್ಲಿ ಶಾಂತಿ ಇರುತ್ತದೆ ಎಂದು ಮನೆಯಲ್ಲಿ ಹೇಳಿ ಹೋಗುವುದು, ಅಲ್ಲಿ ಪುಸ್ತಕವನ್ನು ಎದೆಯ ಮೇಲಿಟ್ಟುಕೊಂಡು ಮಧ್ಯಾಹ್ನವಿಡೀ ಮಲಗುವುದು. ನಾನು ಹೇಳಹೊರಟ ಸಂಗತಿಯೂ ಅಂಥದೇ ಒಂದು ಓದಿನ ರಜೆಯಲ್ಲಿ ನಡೆದದ್ದು.

ಅತ್ತೆಯ ಗಂಡ ಶಿವಶರಣಪ್ಪ ಮಾವ. ಅವರಿಗೆ ಒಬ್ಬ ಅಣ್ಣ, ನಾವೆಲ್ಲ ದೊಡ್ಡ ಮಾವ ಎನ್ನುತ್ತಿದ್ದವರು. ಎರಡೂ ಸಂಸಾರಕ್ಕೆ ಒಂದೇ ಮನೆ, ಒಂದೇ ಹೊಲ, ಮಾತು ನಡೆಯುತ್ತಿದ್ದದ್ದು ದೊಡ್ಡ ಮಾವನದು. ಹೊಲವೆಲ್ಲ ತೊಗರಿ, ಜೋಳ, ಆಮೇಲಾಮೇಲೆ ಕಬ್ಬು. ಬಾವಿಯ ಹತ್ತಿರ ಮಾತ್ರ ಒಂದು ತುಂಡು ಎರೆ ಭೂಮಿ ಇತ್ತು. ಅದನ್ನು ಬಾವಿಮೂಲಿ ಎನ್ನುತ್ತಿದ್ದರು. ಅತ್ತೆ ಮದುವೆಯಾಗಿ ಬಂದ ಮೇಲೆ ಅಲ್ಲಿ ಹವೀಜ ಬಿತ್ತಿದಳು. ಅದು ಹೇಗೆ ಅವಳ ಪಾಲಿಗೆ ಬಂತು ಎನ್ನುವುದಕ್ಕೆ ಮನೆಯಲ್ಲಿ ಎರಡು ಕಥೆಗಳಿವೆ, ಎರಡನ್ನೂ ನಾನು ನಂಬುವುದಿಲ್ಲ. ಮನೆಯಲ್ಲಿ 'ನಂದು' ಎಂದು ಅತ್ತೆ ಹೇಳುತ್ತಿದ್ದದ್ದು ಅದೊಂದನ್ನೇ ಎಂಬುದು ಮಾತ್ರ ಗಟ್ಟಿಯಾಗಿ ನೆನಪಿದೆ. ಮಕ್ಕಳನ್ನು ಕೂಡ ಅವಳು 'ನಮ್ಮವು' ಎನ್ನುತ್ತಿದ್ದಳು. ಬಾವಿಮೂಲಿ ಮಾತ್ರ 'ನಂದು'.

ಹವೀಜವನ್ನು ಹಾಗೇ ಬಿತ್ತುವುದಿಲ್ಲ. ಒಂದು ಕಾಳು ಎಂದು ನಮಗೆ ಕಾಣುವುದರೊಳಗೆ ಎರಡು ಬೀಜಗಳಿರುತ್ತವೆ. ಬಿತ್ತುವ ಮುಂಚೆ ಅದನ್ನು ಉಜ್ಜಿ ಎರಡು ಹೋಳು ಮಾಡಬೇಕು. ಜೋರು ಬಿದ್ದರೆ ನುಚ್ಚು, ಮೆಲ್ಲಗಾದರೆ ಬೇರಾಗುವುದಿಲ್ಲ. ಆ ಕೆಲಸ ಮಾವನದು. ಪಡಸಾಲೆಯಲ್ಲಿ ಕುಳಿತು, ಕಟ್ಟಿಗೆಯ ತುಂಡೊಂದನ್ನು ಕಾಳಿನ ಮೇಲೆ ಗಂಟೆಗಟ್ಟಲೆ ಆಡಿಸುತ್ತಿದ್ದರು. ಮಗುವಿನ ಬೆನ್ನು ತಟ್ಟಿದ ಹಾಗೆ.

"ನಿಮ್ಮ ಮಾವಗ ಬರೋ ವ್ಯವಹಾರ ಇದೊಂದ ನೋಡು," ಎಂದು ಅತ್ತೆ ನನ್ನ ಕಡೆ ತಿರುಗಿ ಅವರಿಗೆ ಕೇಳುವಂತೆ ಹೇಳುತ್ತಿದ್ದಳು. "ಕಾಳಿಗೂ ನೋವಾಗಬಾರದು ಅಂತಾರ."

ಮಾವ ನಗುತ್ತಿದ್ದರು. ಮಾವ ಎಲ್ಲದಕ್ಕೂ ನಗುತ್ತಿದ್ದರು, ಎಲ್ಲದಕ್ಕೂ ಹ್ಞೂಂ ಎನ್ನುತ್ತಿದ್ದರು. ನಾನು ಅವರಿಗೆ ಯಾವುದೋ ಕವಡೆ ಕಿಮ್ಮತ್ತಿಲ್ಲದ ಸಿದ್ಧಾಂತ ವಿವರಿಸಿದರೂ ಹ್ಞೂಂ ಎಂದು ಕೇಳುತ್ತಿದ್ದರಲ್ಲ, ಅದಕ್ಕೇ ನನಗೆ ಅವರೆಂದರೆ ಅಷ್ಟು ಪ್ರೀತಿ ಇದ್ದಿರಬೇಕು.

ಹವೀಜದ ಕೊಯ್ಲು ಎಂದರೆ ನನಗೆ ಇವತ್ತಿಗೂ ಕನಸಿನಂತೆಯೇ ನೆನಪು. ಬಿಸಿಲು ಬಿದ್ದ ಮೇಲೆ ಕೊಯ್ದರೆ ಕಾಳು ಉದುರುತ್ತದೆ. ಅದಕ್ಕೆ ಇಬ್ಬನಿ ಇರುವಾಗಲೇ ಹೊಲಕ್ಕೆ ಇಳಿಯಬೇಕು. ಮಬ್ಬಿನಲ್ಲಿ ಬಾವಿಮೂಲಿ ಕಾಣುವ ಮೊದಲೇ ಅದರ ವಾಸನೆ ಕಾಲಿಗೆ ತೊಡರುತ್ತಿತ್ತು. ಹೆಂಗಸರು ಬಗ್ಗಿ ಕೊಯ್ಯುತ್ತಿದ್ದರು. ಮಂಜಿನಲ್ಲಿ ಬರೀ ಬೆನ್ನುಗಳು ತೇಲುತ್ತಿದ್ದವು. ಯಾರೂ ಹೆಚ್ಚು ಮಾತಾಡುತ್ತಿರಲಿಲ್ಲ. ಮಾತಾಡಿದರೂ ಕಾಳು ಉದುರೀತು ಎಂಬಂತೆ. ಸೂರ್ಯ ಮೇಲೇರಿದ ಕೂಡಲೇ ಎಲ್ಲರ ಗಂಟಲೂ ಒಟ್ಟಿಗೆ ತೆರೆದುಕೊಂಡು ಗದ್ದಲ ಶುರುವಾಗುತ್ತಿತ್ತು. ಸಿವುಡು ಕಟ್ಟಿ ತಂದು, ನೆರಳಿನಲ್ಲಿ ಹಳೆಯ ಸೀರೆಗಳ ಮೇಲೆ ಹರವುತ್ತಿದ್ದರು. ನೆರಳಿನಲ್ಲಿ ಒಣಗಿದರೆ ಕಾಳಿನ ಹಸಿರು ಉಳಿಯುತ್ತದೆ. ಹಸಿರು ಉಳಿದರೆ ಬಜಾರದಲ್ಲಿ ಕಿಮ್ಮತ್ತು.

ಆದರೆ ಕಿಮ್ಮತ್ತು ಮನೆಯ ತನಕ ಬರುತ್ತಿರಲಿಲ್ಲ. ಅದಕ್ಕೆ ಕಾರಣ ಮಾವನ ಕೈ.

ಇಲ್ಲಿ ನಿಮಗೆ ನಮ್ಮ ಬಜಾರದ ಒಂದು ಪದ್ಧತಿ ಹೇಳಬೇಕು. ದೊಡ್ಡ ಮಾಲು ಹರಾಜಿಗೆ ಹೋಗುತ್ತಿತ್ತು. ನಾಲ್ಕಾರು ಚೀಲದ ಸಣ್ಣ ಮಾಲನ್ನು ಮಾತ್ರ ಅಡತಿ ಅಂಗಡಿಯ, ಅಂದರೆ ದಲಾಲನ ಮಳಿಗೆಯ ಮುಂದೆ, ರುಮಾಲಿನ ಕೆಳಗೆ ಮಾರುತ್ತಿದ್ದರು. ದಲಾಲ ತನ್ನ ಕೈಯ ಮೇಲೆ ರುಮಾಲು ಹೊದಿಸುತ್ತಾನೆ. ರೈತ ಅದರೊಳಗೆ ಕೈ ಇಡುತ್ತಾನೆ. ಆಮೇಲೆ ಬಾಯಿಗೆ ಕೆಲಸವಿಲ್ಲ. ದಲಾಲ ಬೆರಳು ಹಿಡಿದು ಒತ್ತಿ ಭಾವ, ಅಂದರೆ ದರ, ಹೇಳುತ್ತಾನೆ. ಒಂದು ಬೆರಳು ಹಿಡಿದರೆ ಒಂದು, ಇಡೀ ಕೈ ಹಿಡಿದರೆ ಐದು. ಸುತ್ತ ನಿಂತವರಿಗೆ ಮೇಲೆ ಬಟ್ಟೆ ಅಲುಗಾಡುವುದಷ್ಟೇ ಕಾಣುತ್ತದೆ. ಒಪ್ಪಿಗೆಯಿದ್ದರೆ ರೈತ ಕೈ ಅಲ್ಲೇ ಬಿಡುತ್ತಾನೆ. ಒಪ್ಪಿಗೆಯಿಲ್ಲದಿದ್ದರೆ ಸಟ್ಟನೆ ಕೊಸರಿ ಹೊರಗೆ ಎಳೆದುಕೊಳ್ಳಬೇಕು. ಒಲ್ಲೆ ಎನ್ನುವುದಕ್ಕೆ ಅದೊಂದೇ ದಾರಿ.

ನಮ್ಮ ಮಾವನಿಗೆ ಹಿಡಿದ ಕೈ ಕೊಸರಲು ಬರುತ್ತಿರಲಿಲ್ಲ.

"ಒಬ್ಬ ಮನಶ್ಯಾ ಪ್ರೀತಿಲೆ ಕೈ ಹಿಡದಿರತಾನ," ಎಂದು ಅವರು ನನಗೊಮ್ಮೆ ಸಮಜಾಯಿಷಿ ಕೊಟ್ಟಿದ್ದರು. "ಝಾಡಿಸಿ ತಗೋಬೇಕಂದ್ರ ಹೆಂಗವ್ವಾ? ಮರ್ಯಾದಿ ಅಲ್ಲ."

ಹಾಗಾಗಿ ವರ್ಷವರ್ಷವೂ ದಲಾಲ ಮೊದಲು ಒತ್ತಿದ ಭಾವಕ್ಕೇ ಹವೀಜ ಹೋಗುತ್ತಿತ್ತು. ಆ ವರ್ಷ ದೊಡ್ಡ ಮಾವ ಫೈಸಲಾ ಮಾಡಿಬಿಟ್ಟರು. ಅವರು ತಮ್ಮನ ಹೆಂಡತಿಯೊಂದಿಗೆ ನೇರ ಮಾತಾಡುವಂತಿರಲಿಲ್ಲ, ಅದು ಆ ಮನೆಯ ರೀತಿ. ಹೇಳುವುದನ್ನೆಲ್ಲ ಪಡಸಾಲೆಯ ಕಂಬಕ್ಕೆ ಹೇಳುತ್ತಿದ್ದರು. ಕಂಬದ ಆಚೆ ಅಡುಗೆಮನೆ.

"ಈ ಸಲ ಹವೀಜಕ್ಕ ನೆಟ್ಟಗ ಭಾವ ಬರಲಿಲ್ಲಂದ್ರ," ಅವರು ಕಂಬಕ್ಕೆ ಹೇಳಿದರು, "ಮುಂದಿನ ವರ್ಷ ಬಾವಿಮೂಲಿಗೂ ಕಬ್ಬ ಹಚ್ಚೋದ. ಸುಮ್ಮ ವಾಸನಿ ಕುಡಕೋತ ಕುಂಡ್ರಾಕ ಹೊಲ ಇಟ್ಟಿಲ್ಲ."

ಕಂಬ ಕೇಳಿಸಿಕೊಂಡಿತು. ಅದರ ಆಚೆ ಅತ್ತೆಯೂ ಕೇಳಿಸಿಕೊಂಡಳು. ರಾತ್ರಿ ಊಟ ಬಡಿಸುವಾಗ ಮಾವನಿಗೆ ಹೇಳಿದಳು:

"ಈ ಸಲ ಆಳಂದಕ್ಕ ನಾನೂ ಬರ್ತೇನಿ."

"ನೀ ಬಂದು ಏನ್ ಮಾಡ್ತೀಬೇ? ರುಮಾಲದಾಗ ಕೈ ಇಡ್ತಿ?"

"ನೀವು ಇಟ್ಟು ಇಟ್ಟು ಏನ್ ತಂದೀರಿ? ಹ್ಞೂಂ ಅನ್ನಾಕ ಕೈ ಯಾಕ ಬೇಕ್ರಿ, ಬಾಯಿ ಇದ್ರ ಸಾಕು."

ಮಾವ ರೊಟ್ಟಿ ಮುರಿದುಕೊಂಡು, ನಕ್ಕು, ಹ್ಞೂಂ ಎಂದರು.

ಮರುದಿನವೋ ಅದರ ಮರುದಿನವೋ, ಟೆಂಪೋದ ಹಿಂದೆ ಹವೀಜದ ಚೀಲಗಳ ಮೇಲೆ ಕುಳಿತು ನಾವು ಆಳಂದಕ್ಕೆ ಹೊರಟೆವು. ಚೀಲ ಮೆತ್ತಗಿತ್ತು, ತಗ್ಗು ಬಂದಾಗಲೆಲ್ಲ ನಮ್ಮ ಕೆಳಗೆ ಕಾಳು ಜರಿದು ಜಾಗ ಮಾಡಿಕೊಳ್ಳುತ್ತಿತ್ತು. ಅತ್ತೆ ಲಗ್ನದ ಇಳಕಲ್ ಸೀರೆ ಉಟ್ಟಿದ್ದಳು. ದಾರಿಯುದ್ದಕ್ಕೂ ಅವಳು ತನ್ನ ಎಡಗೈಯಿಂದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಹಿಡಿದು ಒತ್ತಿ ನೋಡಿಕೊಳ್ಳುತ್ತಿದ್ದಳು. ನಾನು ಅದನ್ನು ಚಳಿಗೆ ಎಂದುಕೊಂಡೆ. ಈಗ ಯೋಚಿಸಿದರೆ, ಪರೀಕ್ಷೆಯ ಆ ತಿಂಗಳಲ್ಲಿ ಅಂಥ ಚಳಿ ಎಲ್ಲಿರುತ್ತದೆ?

ಅಡತಿ ಅಂಗಡಿಯ ಮುಂದೆ ತಗಡಿನ ಚಪ್ಪರ. ಅದರ ಕೆಳಗೆ ಮೆಣಸಿನಕಾಯಿಯ ಘಾಟು. ಸೀನುತ್ತ ಸೀನುತ್ತಲೇ ಜನ ಚೌಕಾಸಿ ನಡೆಸಿದ್ದರು. ದಲಾಲ ನಾಗೂರಾವ ವಯಸ್ಸಾದವನು, ಎಲೆಯಡಿಕೆ ಬಾಯಿ, ಹೆಗಲ ಮೇಲೆ ನಾನು ಆಗಲೇ ಹೇಳಿದ ಆ ಕೆಂಪು ರುಮಾಲು.

"ಶರಣ್ರಿ ಶಿವಶರಣಪ್ಪ! ಈ ಸಲ ಮನೀ ಮಂದೀನೂ ಕರ್ಕೊಂಡು ಬಂದೀರಿ, ಲಗ್ನದ ಸಂತಿ ಏನು?" ಎನ್ನುತ್ತ ಅವನು ಚೀಲದಿಂದ ಒಂದು ಹಿಡಿ ಕಾಳು ತೆಗೆದು, ಉಜ್ಜಿ, ಮೂಸಿ, ಒಂದನ್ನು ಹಲ್ಲಿಗೆ ಹಾಕಿದ. ಹಸಿರು ನೋಡಿ ಅವನ ಹುಬ್ಬು ಏರಿತು. ಏರಿದ ಹುಬ್ಬನ್ನು ಕೂಡಲೇ ಇಳಿಸಿಕೊಂಡ. "ಮಾಲ ನಡೀತದ. ಕೊಡ್ರಿ ಕೈ."

ರುಮಾಲು ಹರಡಿತು. ಮಾವನ ಕೈ ಎದ್ದಿತು. ಅತ್ತೆ ನಡುವೆ ಬಂದು ನಿಂತಳು.

"ರುಮಾಲ ಮಡಚ್ರಿ, ನಾಗೂರಾವ. ಮಾಲ ನಂದದ. ಮಾತು ನನ್ನ ಕೂಡ."

ನಾಗೂರಾವ ಗಾಬರಿಯಾದ. "ನಿಮ್ಮ ಕೂಡ ಹೆಂಗ್ರೀ ತಾಯಿ? ಬಾಯಿಲೆ ಹೇಳಿದ್ರ ಬಜಾರೆಲ್ಲ ಕೇಳ್ತದ. ಕೈಲೆ ಹೇಳಿದ್ರ ಬಜಾರೆಲ್ಲ ನೋಡ್ತದ."

"ಚೀಟಿ ಬರದು ಕೊಡಲೇ ನಾಗೂ, ಲವ್ ಲೆಟರ್ ಬರದಂಗ!" ಎಂದು ಚಪ್ಪರದ ಆ ತುದಿಯಿಂದ ಯಾರೋ ಕೂಗಿದರು. ನಗುವಿನ ಅಲೆಯೊಂದು ಮೆಣಸಿನಕಾಯಿ ರಾಶಿಗಳ ಮೇಲೆ ಹಾದುಹೋಯಿತು. ಮಾವ ತಲೆ ತಗ್ಗಿಸಿ ನಿಂತಿದ್ದರು. ನನಗೆ ಅತ್ತೆಯ ಸೆರಗು ಹಿಡಿದು ಎಳೆದು, ಮನೆಗೆ ಹೋಗೋಣ ನಡಿ ಎನ್ನಬೇಕೆನಿಸಿತು. ಓದಿದವಳು ನಾನು, ಸಮಾನತೆಯ ಮೇಲೆ ಭಾಷಣ ಸ್ಪರ್ಧೆಯಲ್ಲಿ ಬಹುಮಾನ ಬೇರೆ ತೆಗೆದುಕೊಂಡಿದ್ದೆ.

ಅತ್ತೆ ಬಗ್ಗಿ ಚೀಲದ ಸುತಳಿ ಬಿಚ್ಚಿದಳು. ಬಾಯಿಯನ್ನು ಸುತ್ತಲೂ ಮಡಚಿದಳು. ಹಸಿರು ಹವೀಜ ಬೆಳಕಿಗೆ ಬಂತು.

"ರುಮಾಲ ಯಾಕ? ಇದರಾಗ ಇಡ್ರಿ ಕೈ. ಏನು ಹೇಳೋದದ, ಹವೀಜದ ಒಳಗ ಹೇಳ್ರಿ."

ನಗು ನಿಂತಿತು. ನಾಗೂರಾವ ಅತ್ತೆಯ ಮುಖ ನೋಡಿದ, ಚೀಲ ನೋಡಿದ, ಮಾವನನ್ನು ನೋಡಿದ. ಆಮೇಲೆ ಕೈಗಡಿಯಾರ ಬಿಚ್ಚಿ ಅಂಗಿಯ ಕಿಸೆಗೆ ಹಾಕಿಕೊಂಡು, ತೋಳು ಏರಿಸಿ, ಮೊಣಕೈವರೆಗೆ ಕೈ ಇಳಿಸಿದ. ಆ ಗಡಿಯಾರ ನನಗೆ ಸ್ಪಷ್ಟವಾಗಿ ನೆನಪಿದೆ. ಯಾರೂ ಕಟ್ಟಿಕೊಡದ ನೆನಪು ಅದು, ನನ್ನದೇ.

ಇನ್ನು ಮುಂದಿನದನ್ನು ನಾನು ಕಂಡಷ್ಟೇ ಹೇಳಬೇಕು. ನಾನು ಮಾವನ ಬೆನ್ನ ಹಿಂದೆ ಇದ್ದೆ. ಮಾವ ಚೀಲಕ್ಕೆ ಬಹಳ ಹತ್ತಿರ ಬಗ್ಗಿ ನಿಂತಿದ್ದರು. ಅವರ ಬೆನ್ನಿನ ಅಂಚಿನಿಂದ ಅತ್ತೆಯ ಮುಖ ಕಾಣುತ್ತಿತ್ತು, ಅವಳು ಚಪ್ಪರದ ತಗಡನ್ನು ನೋಡುತ್ತಿದ್ದಳು. ಚೀಲದ ಬಾಯಿಯ ಅರ್ಧ ಕಾಣುತ್ತಿತ್ತು. ಕೈಗಳು ಕಾಣುತ್ತಿರಲಿಲ್ಲ. ಕಂಡದ್ದು ಹವೀಜ ಮಾತ್ರ. ಅದು ಅಲುಗುತ್ತಿತ್ತು. ಒಂದು ಕಡೆ ಸಣ್ಣ ಗುಂಡಿ ಬಿದ್ದು ಕಾಳು ಜರಿಯುತ್ತಿತ್ತು, ಇನ್ನೊಂದು ಕಡೆ ಉಬ್ಬುತ್ತಿತ್ತು. ಹೊದಿಕೆಯ ಕೆಳಗೆ ನಿದ್ದೆಯಲ್ಲಿರುವ ಮಗು ಮಗ್ಗಲು ಬದಲಿಸಿದಂತೆ. ಆ ಅಲುಗಾಟಕ್ಕೆ ಹೊಸ ಹವೀಜದ ವಾಸನೆ ಎದ್ದು, ಮೆಣಸಿನಕಾಯಿಯ ಘಾಟಿನ ನಡುವೆ ಬಾವಿಮೂಲಿಯ ಮಂಜಿನ ಒಂದು ತುಣುಕು ಬಂದು ನಿಂತಂತಾಯಿತು. ಒಮ್ಮೆ ಹವೀಜ ಭರ್ರೆಂದು ಚೆಲ್ಲಿತು, ಯಾರೋ ಕೈ ಕೊಸರಿದಂತೆ. ನಾಗೂರಾವ ತಲೆ ಅಲ್ಲಾಡಿಸಿದ. ಮತ್ತೆ ಅಲುಗಾಟ. ಮತ್ತೆ ಭರ್ರೆಂದಿತು. ಆಗ ಮಾವನ ಹೆಗಲು ಜಗ್ಗಿದ್ದು ಕಂಡೆನೇ? ಕಂಡೆ ಎಂದೇ ಬಹಳ ವರ್ಷ ನಂಬಿದ್ದೆ. ಆದರೆ ಆಮೇಲೆ ಕೇಳಿದ ಮಾತಿನಿಂದ ಆ ಹೆಗಲನ್ನು ನಾನೇ ತಂದು ಅಲ್ಲಿ ಜೋಡಿಸಿರಬಹುದು.

ಕೊನೆಗೆ ನಾಗೂರಾವನ ದನಿ ಕೇಳಿತು: "ಸಾಕ್ರಿ ತಾಯಿ, ಗೆದ್ರಿ. ತೂಕಕ್ಕ ಹಚ್ರಿ."

ಕೈಗಳು ಹೊರಗೆ ಬಂದ ಆ ಗಳಿಗೆಯಲ್ಲಿ ನಾನು ಎತ್ತ ನೋಡುತ್ತಿದ್ದೆ? ಆ ಕಾಲದಲ್ಲಿ ನಾನು ತಪ್ಪದೆ ದಿನಚರಿ ಬರೆಯುತ್ತಿದ್ದೆ. ಇತ್ತೀಚೆಗೆ ಟ್ರಂಕಿನಿಂದ ಹುಡುಕಿ ತೆಗೆದೆ. ಆ ದಿನದ ಪುಟದಲ್ಲಿ ಹೀಗಿದೆ: 'ಆಳಂದಕ್ಕೆ ಹೋಗಿದ್ದೆ. ವಿಪರೀತ ಸೀನು. ಮಿರ್ಚಿ ಭಜಿ ಚೆನ್ನಾಗಿತ್ತು.' ಇಷ್ಟೇ. ಕೈಗಳು ಹೊರಗೆ ಬಂದಾಗ ನಾನು ಭಜಿಯ ಗಾಡಿಯ ಕಡೆ ನೋಡುತ್ತಿದ್ದಿರಬೇಕು. ಹಿಂದಿರುಗುವಾಗ ಮಾವನ ಬಲತೋಳಿನ ಕೂದಲಲ್ಲಿ ಹವೀಜದ ಹೊಟ್ಟು ಅಂಟಿತ್ತು, ಅದು ನೆನಪಿದೆ. ಆದರೆ ತೂಕಕ್ಕೆ ಚೀಲ ಹೊತ್ತವರು ಅವರೇ ಅಲ್ಲವೇ? ಹೊಟ್ಟು ಅಂಟದೆ ಇನ್ನೇನು?

ಸುದ್ದಿ ನಮಗಿಂತ ಮೊದಲೇ ಊರು ಸೇರಿತ್ತು. ಬೆಳಿಗ್ಗೆ ದೊಡ್ಡ ಮಾವ ಕಂಬದ ಮುಂದೆ ಬಂದು ನಿಂತರು. ಭಾವ ನೆಟ್ಟಗೆ ಬಂದಿತ್ತು, ಹಿಂದೆಂದೂ ಬಾರದಷ್ಟು. ಆ ಮಾತನ್ನು ಅವರು ಎತ್ತಲೇ ಇಲ್ಲ.

"ಮನೀ ಹೆಣ್ಮಗಳು ನಡು ಬಜಾರದಾಗ ದಲಾಲನ ಕೈ ಹಿಡದಾಳಂತ," ಅವರು ಕಂಬಕ್ಕೆ ಹೇಳಿದರು. "ಚೀಲದಾಗ ಮುಚ್ಚಿಟ್ರ ಇಜ್ಜತ್ ಮುಚ್ಚತದೇನು? ಅಂಥಾ ಭಾವ ನಮಗ ಬ್ಯಾಡ. ಬಾವಿಮೂಲಿಗೆ ಕಬ್ಬ ಹಚ್ಚೋದ."

ಅಡುಗೆಮನೆಯಲ್ಲಿ ಅತ್ತೆ ರೊಟ್ಟಿ ಬಡಿಯುತ್ತಿದ್ದಳು. ಪಟ್ ಪಟ್ ಸದ್ದು ನಿಂತಿತು.

ಮಾವ ಆಗಷ್ಟೇ ಲಿಂಗಪೂಜೆ ಮುಗಿಸಿ ಎದ್ದಿದ್ದರು. ಹಣೆಯ ವಿಭೂತಿ ಇನ್ನೂ ಆರಿರಲಿಲ್ಲ. ಅಣ್ಣನ ಎದುರಿಗೆ ಬಂದು ನಿಂತರು. ಅವರು ನಗುತ್ತಿರಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿತು.

"ಅಣ್ಣಾ, ಚೀಲದಾಗ ಇದ್ದದ್ದು ಮೂರು ಕೈ."

"ಏನಂದಿ?"

"ಮೂರು. ನಡುವಿಂದು ನಂದು. ನಾಗೂರಾವ ನನ್ನ ಬೆರಳು ಹಿಡದಿದ್ದ. ಇಕಿ ನನ್ನ ಮಣಿಕಟ್ಟು ಹಿಡದಿದ್ಲು. ಭಾವ ಸೇರಲಿಲ್ಲಂದ್ರ ಇಕಿ ಎಳೀತಿದ್ಲು. ನನಗ ಕೊಸರಾಕ ಬರೂದಿಲ್ಲ, ನಿನಗ ಗೊತ್ತದಲ್ಲ." ಮೆಲ್ಲಗೆ ಸೇರಿಸಿದರು: "ಹೇಣ್ತಿ ಗಂಡನ ಕೈ ಹಿಡದ್ರ ಯಾರಿಗೇನು?"

ದೊಡ್ಡ ಮಾವ ತಮ್ಮನನ್ನು ಬಹಳ ಹೊತ್ತು ನೋಡಿದರು. ಹುಟ್ಟಿದಾಗಿನಿಂದ ಹ್ಞೂಂ ಎನ್ನುವ ಬಾಯಿಂದ ಒಟ್ಟಿಗೆ ಇಷ್ಟು ಮಾತು ಅವರೂ ಕೇಳಿರಲಿಕ್ಕಿಲ್ಲ. "ಹಂಗಂದ್ರ ಬ್ಯಾರೆ ಮಾತು," ಎಂದು ರುಮಾಲು ಕೊಡವಿ ಹೊರಗೆ ಹೋದರು. ಬಾವಿಮೂಲಿಗೆ ಕಬ್ಬು ಬರಲಿಲ್ಲ. ಅಡುಗೆಮನೆಯಲ್ಲಿ ಪಟ್ ಪಟ್ ಮತ್ತೆ ಶುರುವಾಯಿತು.

ಆಗ ನಾನು ಮಾವನ ಮಾತನ್ನು ಒಂದಿಷ್ಟೂ ನಂಬಲಿಲ್ಲ. ನನ್ನ ಪಾಲಿಗೆ ಚೀಲದಲ್ಲಿದ್ದದ್ದು ಎರಡೇ ಕೈ. ಅತ್ತೆ ಬಜಾರದ ನಡುವೆ ಪರಗಂಡಸಿನ ಬೆರಳಿಗೆ ಬೆರಳು ಕೊಟ್ಟು, ತನ್ನ ಮಾಲಿಗೆ ತಾನೇ ಭಾವ ಕಟ್ಟಿದವಳು. ಹಾಸ್ಟೆಲ್ಲಿನಲ್ಲಿ ಗೆಳತಿಯರಿಗೆ ಈ ಕಥೆಯನ್ನು ಎಷ್ಟು ಸಲ ಹೇಳಿದ್ದೇನೋ. ಎಲ್ಲಾದರೂ ಎದ್ದು ನಿಂತು ಮಾತಾಡಬೇಕಾದಾಗ ಆ ಚೀಲವನ್ನು ನೆನೆಯುತ್ತಿದ್ದೆ. ಮಾವನದು ಅಣ್ಣನ ಹೆದರಿಕೆಗೆ ಹೇಳಿದ ಸುಳ್ಳು, ನನ್ನ ಕಥೆಗೆ ಬೇಡವಾದದ್ದು. ಕಥೆ ಹೇಳುವಾಗ ಅವರನ್ನು ನಾನು ಚಪ್ಪರದ ಹೊರಗೇ ನಿಲ್ಲಿಸಿಬಿಡುತ್ತಿದ್ದೆ.

ವಯಸ್ಸು ಸರಿದಂತೆ ಲೆಕ್ಕ ಬದಲಾಯಿತು. ನನಗೂ ಮದುವೆಯಾಯಿತು, ಒಂದೇ ಮನೆಯಲ್ಲಿ ಇಬ್ಬರು ಇರುವುದರ ಕಷ್ಟ ಸುಖ ತಿಳಿಯಿತು. ಆಗ ಮೂರು ಕೈಯ ಕಥೆ ಇದ್ದಕ್ಕಿದ್ದಂತೆ ಚಂದ ಕಾಣತೊಡಗಿತು. ಒಲ್ಲೆ ಎನ್ನಲು ಬಾರದ ಗಂಡ, ಅವನ ಪರವಾಗಿ ಮಣಿಕಟ್ಟು ಎಳೆಯುವ ಹೆಂಡತಿ, ಹವೀಜದ ತಂಪಿನಲ್ಲಿ ಯಾರಿಗೂ ಕಾಣದಂತೆ. ಮಾವನ ಹೆಗಲು ಜಗ್ಗಿದ್ದು ನನಗೆ ನೆನಪಾದದ್ದು ಈ ಕಾಲದಲ್ಲೇ. ನೆನಪಾಯಿತೋ, ಬೇಕಾಯಿತೋ?

ಮಾವ ತೀರಿಕೊಂಡ ಮೇಲೆ ಇನ್ನೊಂದು ಯೋಚನೆ ಬಂತು. ಇದ್ದದ್ದು ಎರಡೇ ಕೈಯಾಗಿದ್ದರೆ? ಕೊಸರಲು ಬಾರದ ಆ ಮನುಷ್ಯ, ಹಣೆಯ ವಿಭೂತಿ ಆರುವ ಮುಂಚೆ, ಹೆಂಡತಿಯ ಹೆಸರು ಉಳಿಯಲೆಂದು, ಅವಳ ಹೊಲದ ಮೂಲೆ ಉಳಿಯಲೆಂದು, ತನ್ನದೊಂದು ಕೈಯನ್ನು ಆ ಚೀಲದೊಳಗೆ ಇಟ್ಟು ಬಂದಿದ್ದರೆ? ಇದು ಎಲ್ಲದಕ್ಕಿಂತ ಚಂದದ ಕಥೆ. ಅದಕ್ಕೇ ಇದರ ಮೇಲೆ ನನಗೆ ಎಲ್ಲದಕ್ಕಿಂತ ಹೆಚ್ಚು ಅನುಮಾನ. ನನ್ನ ಅವ್ವನನ್ನು ಕೇಳಿದರೆ, "ಅದು ಆಳಂದ ಅಲ್ಲ, ಕಲಬುರಗಿ ಬಜಾರ, ನೀ ಹೋಗೇ ಇರಲಿಲ್ಲ, ನಿನಗ ಜ್ವರ ಇತ್ತು," ಎನ್ನುತ್ತಾಳೆ. ಜ್ವರದಲ್ಲಿ ಭಜಿ ಯಾರು ತಿಂದರು ಎಂದರೆ, "ನೀ ತಿಂದಿರ್ತಿ, ನಿನಗೇನು," ಎನ್ನುತ್ತಾಳೆ.

ಮೊನ್ನೆ ಭಾನುವಾರ ಅಂಗಡಿಯಿಂದ ತಂದ ಆ ಹವೀಜವನ್ನು ಬ್ಯಾಗಿಗೆ ಹಾಕಿಕೊಂಡು ಜೇವರ್ಗಿ ಬಸ್ಸು ಹತ್ತಿದೆ. ಅತ್ತೆ ಈಗ ಅಲ್ಲಿ, ನರ್ಸ್ ಆಗಿರುವ ಮಗಳು ಸುವರ್ಣಳ ಮನೆಯಲ್ಲಿ ಇದ್ದಾಳೆ. ಹೆದ್ದಾರಿಗೆ ಅಂಟಿಕೊಂಡ ಮನೆ. ಬಾವಿಮೂಲಿಯನ್ನು ಪಾಲಿಗೆ ಮಾಡುವವರ ಜೊತೆ ಅತ್ತೆ ದಿನವೂ ಫೋನಿನಲ್ಲಿ ಜಗಳವಾಡುತ್ತಾಳೆ. ಈ ವರ್ಷ ಹವೀಜವೇ ಹಾಕಿಸಿದ್ದಾಳೆ. ರುಮಾಲಿನ ವ್ಯಾಪಾರ ಈಗಿಲ್ಲ, ಭಾವ ಪರದೆಯ ಮೇಲೆ ಬರುತ್ತದೆ. "ಟೀವಿ ನೋಡಿದಂಗ ನೋಡಿ ಬರತಾರ, ಕೈಯಾಗ ಮಾತ ಇಲ್ಲ," ಎಂದು ಅತ್ತೆಯ ದೂರು.

ನಾನು ಚೀಲ ಬಿಚ್ಚಿ ಮುಂದಿಟ್ಟೆ. ಅತ್ತೆ ಅದರೊಳಗೆ ಕೈ ಇಳಿಸಿದಳು.

"ಎಷ್ಟು ಕೊಟ್ಟೀಬೇ ಇದಕ್ಕ?"

ಹೇಳಿದೆ.

"ಅವ ಹೇಳಿದ, ನೀ ಹ್ಞೂಂ ಅಂದಿ," ಅತ್ತೆ ನಕ್ಕಳು. "ಖರೇನ ನಿಮ್ಮ ಮಾವನ ಕೈ ನಿಂದು."

ಅವಳ ಕೈ ಇನ್ನೂ ಹವೀಜದೊಳಗೇ ಇತ್ತು. ನಾನೂ ನನ್ನ ಕೈ ಇಳಿಸಿದೆ. ಒಳಗೆ ಅದೇ ತಂಪು. ಇಷ್ಟು ವರ್ಷ ಕೇಳದೆ ಇದ್ದದ್ದು ಅವತ್ತು ಬಾಯಿಗೆ ಬಂತು.

"ಅತ್ತಿ, ಅವತ್ತು ಆಳಂದದಾಗ, ಚೀಲದೊಳಗ ಖರೇ ಎಷ್ಟು ಕೈ ಇದ್ವು?"

ಅತ್ತೆ ನನ್ನನ್ನು ನೋಡಲಿಲ್ಲ. ಅವತ್ತು ಚಪ್ಪರದ ತಗಡನ್ನು ನೋಡಿದ ಹಾಗೆ ಮೇಲಿನ ತೊಲೆ ನೋಡುತ್ತ ಕುಳಿತಳು. ಹೊರಗೆ ಲಾರಿಯೊಂದು ಹಾದುಹೋಯಿತು. ನನ್ನ ಮಣಿಕಟ್ಟಿನ ಹತ್ತಿರ ಹವೀಜ ಸಣ್ಣಗೆ ಜರಿದು, ಮೇಲೆ ಒಂದು ಗುಂಡಿ ಬಿತ್ತು. ಲಾರಿಯ ನಡುಕಕ್ಕೋ, ಕೆಳಗೆ ಅವಳ ಬೆರಳು ಅಲುಗಿದ್ದಕ್ಕೋ ತಿಳಿಯಲಿಲ್ಲ. ನಾನು ಕೈ ಅಲ್ಲೇ ಬಿಟ್ಟು ಕಾದೆ.

"ಸುವರ್ಣಾ," ಅತ್ತೆ ಒಳಗೆ ಕೂಗಿದಳು, "ಚಹಾ ಆತೇನವ್ವಾ?"